ಕಾಕ್‌ಪಿಟ್‌ನಲ್ಲಿ ಕುಳಿತ ಮೂರನೆಯ ಪೈಲಟ್ ಯಾರ ಸೀಟು ಕಸಿದುಕೊಂಡರು?

ಪ್ರಶ್ನೆ: ಬೆಂಗಳೂರಿಗೆ ಹೊರಟ ವಿಮಾನ ಭರ್ತಿಯಾಗಿದೆ ಎಂದು ಹುಬ್ಬಳ್ಳಿ ನಿಲ್ದಾಣದಲ್ಲಿ ನನ್ನ ತಮ್ಮನಿಗೆ ಟಿಕೆಟ್ ಸಿಗಲಿಲ್ಲ, ನಾನೊಬ್ಬನೇ ಹೋಗಬೇಕಾಯಿತು. ಬಾಗಿಲು ಮುಚ್ಚುವ ಹೊತ್ತಿಗೆ ಸಮವಸ್ತ್ರದಲ್ಲಿದ್ದ ಇನ್ನೊಬ್ಬ ಪೈಲಟ್ ಬಂದು ಕಾಕ್‌ಪಿಟ್‌ನೊಳಗೆ ಕುಳಿತರು. ದುಡ್ಡು ಕೊಡಲು ಸಿದ್ಧನಿದ್ದ ತಮ್ಮನಿಗೆ ಇಲ್ಲದ ಸೀಟು ಅವರಿಗೆ ಎಲ್ಲಿಂದ ಬಂತು? (ಹಾವೇರಿಯ ಓದುಗರು)

ಉತ್ತರ: ಚೆಕ್-ಇನ್ ಕೌಂಟರಿನಲ್ಲಿ ಕುಳಿತಿದ್ದ ವರ್ಷಗಳಲ್ಲಿ ಈ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರಿಸುತ್ತಿದ್ದೆ, ನಿವೃತ್ತಿಯ ನಂತರ ಬರೆದು ಉತ್ತರಿಸುತ್ತಿದ್ದೇನೆ, ಪ್ರಶ್ನೆ ಮಾತ್ರ ಕಡಿಮೆಯಾಗಿಲ್ಲ. ಎಟಿಆರ್ ಎಂಬ ಸಣ್ಣ ಪಂಖದ ವಿಮಾನದಲ್ಲಿ ಇದು ಹೆಚ್ಚು ಕಣ್ಣಿಗೆ ಬೀಳುವುದಕ್ಕೆ ಕಾರಣವಿದೆ. ಅದರಲ್ಲಿ ಹತ್ತುವ ಬಾಗಿಲು ಬಾಲದ ಕಡೆಗಿದೆ, ಕಾಕ್‌ಪಿಟ್ ಮೂತಿಯ ಕಡೆಗಿದೆ. ತಡವಾಗಿ ಬಂದ ಪೈಲಟ್ ಟೋಪಿ, ಚೀಲ ಹಿಡಿದುಕೊಂಡು ಕುಳಿತವರೆಲ್ಲರ ಎದುರಿಗೇ ಉದ್ದಕ್ಕೂ ನಡೆದು ಹೋಗಬೇಕು. ಅಷ್ಟು ಜನ ನೋಡಿದ ಮೇಲೆ ಅಷ್ಟು ಕಥೆಗಳು ಹುಟ್ಟುತ್ತವೆ.

ಆ ಕಥೆಗಳಲ್ಲಿ ಎಷ್ಟು ಹೇಳಿದರೂ ಸಾಯದ ಒಂದು ಇದೆ: "ಸರ, ಪೈಲಟ್ ಸಾಹೇಬ್ರು ಬಂದ್ರಂದ್ರ ಒಬ್ಬ ಪ್ಯಾಸೆಂಜರ್‌ನ ಇಳಸ್ತಾರ." ಇದು ತಪ್ಪು. ಕಾಕ್‌ಪಿಟ್‌ನಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಮಡಚಿಡುವ ಒಂದು ಆಸನವಿರುತ್ತದೆ, ಅದನ್ನು ಜಂಪ್‌ಸೀಟ್ ಎನ್ನುತ್ತಾರೆ. ಏರ್‌ಬಸ್ ಎ320ರಂತಹ ವಿಮಾನಗಳಲ್ಲಿ ಕೆಲವೊಮ್ಮೆ ಎರಡಿರುತ್ತವೆ. ಎಟಿಆರ್‌ನ 78 ಆಸನಗಳು ಮಾರಾಟಕ್ಕಿದ್ದರೆ ಈ ಆಸನ ಆ ಎಣಿಕೆಯಲ್ಲೇ ಇಲ್ಲ, ಬುಕಿಂಗ್ ಮಾಡುವ ಕಂಪ್ಯೂಟರಿಗೆ ಅದು ಕಾಣುವುದೂ ಇಲ್ಲ. ಪೈಲಟ್ ಅಲ್ಲಿ ಕುಳಿತರೂ ಕೂರದಿದ್ದರೂ ನಿಮ್ಮ ತಮ್ಮನಿಗೆ ಸಿಗಬಹುದಾಗಿದ್ದ ಸೀಟುಗಳಲ್ಲಿ ಒಂದೂ ಹೆಚ್ಚುತ್ತಿರಲಿಲ್ಲ, ಒಂದೂ ಕಡಿಮೆಯಾಗುತ್ತಿರಲಿಲ್ಲ.

ತೊಂದರೆ ಇರುವುದು ನಮ್ಮ ಬಸ್ಸಿನ ಅಭ್ಯಾಸದಲ್ಲಿ. ಜಾತ್ರೆಯ ದಿನ ಡ್ರೈವರ್ ಮಗ್ಗುಲಿನ ಬಾನೆಟ್ ಮೇಲೂ ಇಬ್ಬರು ಕುಳಿತು ಊರು ಮುಟ್ಟಿದ್ದನ್ನು ಕಂಡವರು ನಾವು, ಹೀಗಾಗಿ ಜಂಪ್‌ಸೀಟನ್ನೂ ಅಂಥದ್ದೇ ಮಿಕ್ಕ ಜಾಗವೆಂದು ಭಾವಿಸುತ್ತೇವೆ. ಆದರೆ ಅದು ಕೆಲಸದ ಜಾಗ. ಅಲ್ಲಿ ಕೂರುವವರಿಗೆ ಹೆಗಲ ಮೇಲಿಂದ ಬರುವ ಪಟ್ಟಿ, ಪ್ರತ್ಯೇಕ ಆಮ್ಲಜನಕ ಮಾಸ್ಕ್, ಹೆಡ್‌ಸೆಟ್ ಇರುತ್ತವೆ. ವಿಮಾನ ಹತ್ತು ಸಾವಿರ ಅಡಿ ಏರುವವರೆಗೆ ಕೆಲಸಕ್ಕೆ ಸಂಬಂಧಿಸದ ಒಂದು ಮಾತನ್ನೂ ಆಡುವಂತಿಲ್ಲ. ಪೈಲಟ್‌ಗಳನ್ನು ಪರೀಕ್ಷಿಸಲು ಬರುವ ಡಿಜಿಸಿಎ (ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ) ಅಧಿಕಾರಿಗಳು, ತರಬೇತಿ ನೀಡುವ ಕ್ಯಾಪ್ಟನ್‌ಗಳು, ಅನುಭವಕ್ಕಾಗಿ ಕಳುಹಿಸಲಾಗುವ ಏರ್ ಟ್ರಾಫಿಕ್ ಕಂಟ್ರೋಲರ್‌ಗಳು ಮೊದಲಾದವರಿಗಾಗಿ ಅದು ಇದೆ. ಅವರಾರೂ ಇಲ್ಲದಿದ್ದಾಗ, ಕಂಪನಿಯ ನಿಯಮ ಒಪ್ಪಿ ಕ್ಯಾಪ್ಟನ್ ಅನುಮತಿ ಕೊಟ್ಟರೆ, ಊರಿಗೆ ಹೊರಟ ಸಹೋದ್ಯೋಗಿಗೆ ಸಿಕ್ಕೀತು.

ದುಡ್ಡು ಕೊಡುತ್ತೇವೆಂದರೂ ಏಕಾಗದು ಎನ್ನುವವರು 2023ರ ಫೆಬ್ರವರಿಯಲ್ಲಿ ದುಬೈನಿಂದ ದೆಹಲಿಗೆ ಬಂದ ಏರ್ ಇಂಡಿಯಾ ವಿಮಾನದ ಪ್ರಕರಣವನ್ನು ಗಮನಿಸಬೇಕು. ಪ್ರಯಾಣಿಕರಾಗಿದ್ದ ಗೆಳತಿಯನ್ನು ಕ್ಯಾಪ್ಟನ್ ಕಾಕ್‌ಪಿಟ್‌ನೊಳಗೆ ಬಿಟ್ಟುಕೊಂಡಿದ್ದಕ್ಕೆ ಅವರ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು, ಕಂಪನಿಗೆ 30 ಲಕ್ಷ ರೂಪಾಯಿ ದಂಡ ಬಿತ್ತು. ಪೈಲಟ್ ಆದವರನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 1994ರಲ್ಲಿ ಅಮೆರಿಕದ ಮೆಂಫಿಸ್‌ನಿಂದ ಹೊರಟ ಫೆಡೆಕ್ಸ್ ಸರಕು ವಿಮಾನದ ಸಿಬ್ಬಂದಿಯ ಮೇಲೆ ಸುತ್ತಿಗೆಯಿಂದ ಹಲ್ಲೆ ಮಾಡಿದವನು ಜಂಪ್‌ಸೀಟ್ ಪಡೆದು ಬಂದಿದ್ದ ಅದೇ ಕಂಪನಿಯ ಉದ್ಯೋಗಿ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಹೊರೈಜನ್ ಏರ್ ವಿಮಾನದಲ್ಲಿ ಎಂಜಿನ್‌ಗಳನ್ನು ನಿಲ್ಲಿಸುವ ಹಿಡಿಗಳಿಗೆ ಕೈ ಹಾಕಿದವನು ಆಗ ಕರ್ತವ್ಯದಲ್ಲಿಲ್ಲದ ಪೈಲಟ್. ಹೀಗಿರುವಾಗ ನಿಮ್ಮ ತಮ್ಮ ಎಷ್ಟೇ ಸಭ್ಯರಾಗಿದ್ದರೂ ಅವರಿಗಾಗಿ ಆ ಬಾಗಿಲು ತೆರೆಯುವುದಿಲ್ಲ.

ಹಾಗಾದರೆ ಪೈಲಟ್‌ಗಾಗಿ ಪ್ರಯಾಣಿಕನನ್ನು ಇಳಿಸಿದರೆಂಬ ಮಾತು ಪೂರ್ತಿ ಕಟ್ಟುಕಥೆಯೇ? ಅಲ್ಲ, ಇಲ್ಲಿಯೇ ಜನ ಎರಡು ವಿಷಯಗಳನ್ನು ಕಲಸಿಬಿಡುತ್ತಾರೆ. ಇನ್ನೊಂದು ಊರಿನಿಂದ ವಿಮಾನ ಹಾರಿಸಬೇಕಾದ ಸಿಬ್ಬಂದಿಯನ್ನು ಕಂಪನಿಯೇ ಕರ್ತವ್ಯದ ಮೇಲೆ ಪ್ರಯಾಣಿಕರ ಆಸನದಲ್ಲಿ ಕಳುಹಿಸುತ್ತದೆ. ಇದನ್ನು ಡೆಡ್‌ಹೆಡ್ ಎನ್ನುತ್ತಾರೆ. 2017ರ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ಯುನೈಟೆಡ್ ವಿಮಾನದಿಂದ ವೈದ್ಯರೊಬ್ಬರನ್ನು ಎಳೆದು ಹಾಕಿದ ದೃಶ್ಯ ನಿಮಗೆ ನೆನಪಿರಬಹುದು. ಅಲ್ಲಿ ಜಾಗ ಬೇಕಾಗಿದ್ದುದು ಲೂಯಿವಿಲ್‌ಗೆ ಕೆಲಸದ ಮೇಲೆ ಹೊರಟ ನಾಲ್ವರು ಸಿಬ್ಬಂದಿಗೆ, ಜಂಪ್‌ಸೀಟ್ ಕೇಳಿಕೊಂಡು ಬಂದವರಿಗಲ್ಲ. ಖಚಿತ ಟಿಕೆಟ್ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಬಂದವರನ್ನು ನಮ್ಮಲ್ಲಿ ಹತ್ತಿಸದಿದ್ದರೆ, ಸ್ವಇಚ್ಛೆಯಿಂದ ಬಿಟ್ಟುಕೊಡುವವರು ಇದ್ದಾರೆಯೇ ಎಂದು ಕಂಪನಿ ಮೊದಲು ಕೇಳಬೇಕು. ಆಮೇಲೂ ಒತ್ತಾಯದಿಂದ ಬಿಟ್ಟು ಹೋದರೆ, ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಡದಿದ್ದಲ್ಲಿ, 24 ಗಂಟೆಯೊಳಗಿನ ವಿಮಾನವಾದರೆ 10,000 ರೂಪಾಯಿವರೆಗೆ, ಅದಕ್ಕಿಂತ ತಡವಾದರೆ 20,000 ರೂಪಾಯಿವರೆಗೆ ಪರಿಹಾರ ನೀಡಬೇಕೆಂದು ಡಿಜಿಸಿಎ ನಿಯಮ ಹೇಳುತ್ತದೆ. ಕೌಂಟರಿನಲ್ಲಿ ಜಗಳವಾಡುವವರು ಜಂಪ್‌ಸೀಟ್ ಬಿಟ್ಟು ಈ ನಿಯಮ ಹಿಡಿದು ಕೇಳಿದರೆ ಎದುರಿಗಿದ್ದವರು ಹೆಚ್ಚು ಎಚ್ಚರದಿಂದ ಉತ್ತರಿಸುತ್ತಾರೆ. ಟಿಕೆಟ್ಟೇ ಸಿಗದ ನಿಮ್ಮ ತಮ್ಮನಿಗೆ ಇದು ಅನ್ವಯಿಸದು.

ಸೀಟಿಗಾಗಿ ನಿಜವಾದ ಜಗಳ ನಡೆಯುವುದು ಸಿಬ್ಬಂದಿಯ ನಡುವೆಯೇ. ಅಮೆರಿಕದಲ್ಲಿ ಒಂದು ಊರಿನಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಇರುವ ಪೈಲಟ್‌ಗಳು ಬೇರೆ ಕಂಪನಿಯ ವಿಮಾನದಲ್ಲೂ ಜಂಪ್‌ಸೀಟ್ ಕೇಳುತ್ತಾರೆ. 2001ರ ದಾಳಿಯ ನಂತರ ಕಾಕ್‌ಪಿಟ್‌ನಲ್ಲಿ ಇದು ನಿಂತುಹೋಗಿ, ಗುರುತನ್ನು ಕಂಪ್ಯೂಟರಿನಲ್ಲಿ ತಾಳೆ ನೋಡುವ ವ್ಯವಸ್ಥೆ ಬಂದ ಮೇಲೆ ಮತ್ತೆ ಆರಂಭವಾಯಿತು. ಕ್ಯಾಬಿನ್‌ನಲ್ಲಿ ಸೀಟು ಖಾಲಿಯಿದ್ದರೆ ಅವರನ್ನು ಅಲ್ಲಿಯೇ ಕೂರಿಸುವುದು ವಾಡಿಕೆ. ಗೇಟಿನವರು "ತೂಕ ಮೀರುತ್ತದೆ" ಎಂದು ತಡೆದಾಗ, ಕ್ಯಾಪ್ಟನ್ ಲೆಕ್ಕ ಮತ್ತೊಮ್ಮೆ ಹಾಕಿಸಿ ಸಹೋದ್ಯೋಗಿಯನ್ನು ಹತ್ತಿಸಿಕೊಳ್ಳುವುದೂ ಉಂಟು, ಅದರಿಂದ ಮನಸ್ತಾಪವಾಗುವುದೂ ಉಂಟು.

ತೂಕದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ, ಯಾರೂ ಕೇಳದಿದ್ದರೂ. ಸೀಟು ಖಾಲಿಯಿದ್ದ ಮಾತ್ರಕ್ಕೆ ಅದರಲ್ಲಿ ಜನರನ್ನು ಕೂರಿಸಬಹುದೆಂದಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಗಾಳಿಯ ಸಾಂದ್ರತೆ ಕುಗ್ಗಿದಾಗ ರೆಕ್ಕೆಗೂ ಎಂಜಿನ್ನಿಗೂ ಶಕ್ತಿ ಕಡಿಮೆ ಸಿಗುತ್ತದೆ, ಆದ್ದರಿಂದ ಅದೇ ರನ್‌ವೇಯಿಂದ ಏರಬಲ್ಲ ತೂಕವೂ ಕಡಿಮೆಯಾಗುತ್ತದೆ. ಹೋಗುವ ಊರಿನಲ್ಲಿ ಹವಾಮಾನ ಕೆಟ್ಟಿದ್ದರೆ ಹೆಚ್ಚು ಇಂಧನ ತುಂಬಬೇಕಾಗುತ್ತದೆ, ಅದೂ ತೂಕವೇ. ಜಂಪ್‌ಸೀಟಿನಲ್ಲಿ ಕುಳಿತವರೂ ಲೋಡ್ ಶೀಟಿನಲ್ಲಿ, ಅಂದರೆ ವಿಮಾನದ ಒಟ್ಟು ತೂಕದ ಲೆಕ್ಕದಲ್ಲಿ, ಸೇರುತ್ತಾರೆ. ಮಿತಿ ಮುಟ್ಟಿದ ದಿನ ಮೊದಲು ಹತ್ತದೆ ಕೆಳಗೆ ಉಳಿಯುವವರು ಅವರು ಮತ್ತು ಸ್ಟಾಫ್ ಟಿಕೆಟಿನವರು.

ಪೈಲಟ್ ಅಳಿಯ ಸಿಕ್ಕನೆಂದು ಹಿಗ್ಗುವ ಬೀಗರು ಇದನ್ನು ತಿಳಿದಿದ್ದರೆ ಒಳ್ಳೆಯದು. ಮನೆಯವರಿಗೆ ಕೊಡುವ ಅಗ್ಗದ ಟಿಕೆಟ್ ಸಾಮಾನ್ಯವಾಗಿ ಸಬ್ಲೋ ಆಗಿರುತ್ತದೆ, ಅಂದರೆ ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಜಾಗ ಉಳಿದರಷ್ಟೇ ಅದಕ್ಕೆ ಬೆಲೆ. ಅವರನ್ನು ಜಂಪ್‌ಸೀಟಿನಲ್ಲಿ ಕೂರಿಸುವ ಅಧಿಕಾರ ಅಳಿಯನಿಗಿಲ್ಲ. ಗೋಕುಲ ರಸ್ತೆಯ ನಿಲ್ದಾಣಕ್ಕೆ ಅಂಥ ಟಿಕೆಟ್ ಹಿಡಿದು ಬರುವವರು ಅದೇ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಒಂದು ಬರ್ತ್ ಕಾದಿರಿಸಿಕೊಂಡು ಬರಲಿ. ವಿಮಾನ ಸಿಕ್ಕರೆ ಅದನ್ನು ರದ್ದು ಮಾಡಿಸಿದರಾಯಿತು.