ಬೈದ ಮೇಲೆ ಚೆನ್ನಾಗಿ ಆಡಿದ್ದು ಯಾಕೆ?

2017ರ ಏಪ್ರಿಲ್‌ನಲ್ಲಿ ಎವರ್ಟನ್ ಕ್ಲಬ್ ಜೊತೆಗಿನ ಫುಟ್‌ಬಾಲ್ ಪಂದ್ಯ 1-1ರಲ್ಲಿ ಮುಗಿಯಿತು. ಆಮೇಲೆ ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಜೋಸೆ ಮೊರಿನ್ಯೊ, ತಮ್ಮದೇ ಆಟಗಾರ ಲ್ಯೂಕ್ ಶಾ ಬಗ್ಗೆ ಪತ್ರಕರ್ತರಿಗೆ ಹೇಳಿದ ಮಾತು ದೊಡ್ಡ ಸುದ್ದಿಯಾಯಿತು. ಚೆನ್ನಾಗಿ ಆಡಿದ, ಆದರೆ ಮೈ ಅವನದು, ಮಿದುಳು ನನ್ನದು ಎಂಬ ಅರ್ಥದ ಮಾತು. ಶಾಗೆ ಆಗ 21 ವರ್ಷ. 2021ರ ಯೂರೊ ಕಪ್ ಫೈನಲ್‌ನಲ್ಲಿ ಎರಡನೇ ನಿಮಿಷಕ್ಕೇ ಇಂಗ್ಲೆಂಡ್ ಪರ ಗೋಲು ಹೊಡೆದದ್ದು ಇದೇ ಶಾ. ಬೈಸಿಕೊಂಡಿದ್ದಕ್ಕೇ ಹುಡುಗ ದಾರಿಗೆ ಬಂದ ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ.

ನಮ್ಮ ಕಲಬುರಗಿಯಲ್ಲಿ ಬಿಸಿಲೇರುವ ಮುಂಚೆ ನಡೆಯುವ ಪ್ರಾಕ್ಟೀಸ್‌ಗಳಲ್ಲೂ ಈ ನಂಬಿಕೆ ಗಟ್ಟಿಯಾಗಿದೆ. ಪೆನಾಲ್ಟಿ ಗೋಲಿನ ಮೇಲೆ ಹಾರಿತೆಂದರೆ ಸಾಕು, "ಏ, ಕಾಲಾಗ ಜೀವ ಇಲ್ಲೇನೋ ನಿಂಗ?" ಎಂದು ಎಲ್ಲರೆದುರು ಕೂಗು. ಮುಂದಿನ ಸಲ ಹುಡುಗ ಸರಿಯಾಗಿ ಒದೆಯುತ್ತಾನೆ. ಕೋಚ್‌ಗೆ ಬೈಗುಳದ ಮೇಲೆ ಇನ್ನಷ್ಟು ಭರವಸೆ.

ಇಲ್ಲೇ ಕಣ್ಣು ಮೋಸ ಹೋಗುವುದು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್‌ಗೆ ಇಸ್ರೇಲ್ ವಾಯುಪಡೆಯ ತರಬೇತುದಾರರೊಬ್ಬರು ಇದನ್ನೇ ಹೇಳಿದ್ದರು: ವಿಮಾನ ಹಾರಿಸಲು ಕಲಿಯುವವರನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾರೆ, ಬೈದರೆ ಸುಧಾರಿಸುತ್ತಾರೆ. ನೋಡಿದ್ದು ನಿಜ, ಕಾರಣ ಮಾತ್ರ ತಪ್ಪು ಎಂದು ಕಾನೆಮನ್‌ಗೆ ಹೊಳೆಯಿತು.

ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ 20 ಹುಡುಗರಿಗೆ ಕಣ್ಣಿಗೆ ಬಟ್ಟೆ ಕಟ್ಟಿ, ಗೋಲಿನತ್ತ ಚೆಂಡು ಒದೆಸಿ ಎಂದುಕೊಳ್ಳಿ. ತುಂಬಾ ಕೆಟ್ಟದಾಗಿ ಒದ್ದವರನ್ನು ಬೇರೆ ನಿಲ್ಲಿಸಿ, ಏನೂ ಹೇಳದೆ ಇನ್ನೊಮ್ಮೆ ಒದೆಸಿ. ಅವರಲ್ಲಿ ಹೆಚ್ಚಿನವರು ಸುಧಾರಿಸಿರುತ್ತಾರೆ. ಮೊದಲ ಒದೆತದಲ್ಲಿ ಅದೃಷ್ಟ ಪೂರ್ತಿ ಕೈಕೊಟ್ಟಿತ್ತು, ಎರಡನೇ ಸಲವೂ ಅಷ್ಟೇ ಕೈಕೊಡುವುದು ಅಪರೂಪ. ಚೆನ್ನಾಗಿ ಒದ್ದವರು ಇದೇ ಕಾರಣಕ್ಕೆ ಕೆಳಗಿಳಿಯುತ್ತಾರೆ. ನಾವು ಬೈಯುವುದು ಆಟ ತೀರಾ ಕೆಟ್ಟ ದಿನವೇ ಅಲ್ವಾ? ಸುಮ್ನೆ ಇದ್ದಿದ್ದರೂ ಮರುದಿನ ಆಟ ಸ್ವಲ್ಪ ಮೇಲೇಳುತ್ತಿತ್ತು. ಶಾ ವಿಷಯದಲ್ಲಂತೂ ನಾಲ್ಕು ವರ್ಷ ಕಳೆದಿದ್ದವು, ಮ್ಯಾನೇಜರ್ ಬದಲಾಗಿದ್ದರು.

ಹಾಗಂತ ಬೈಗುಳ ನಿರಪಾಯವೂ ಅಲ್ಲ. 2004ರಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ ಒತ್ತಡದ ಬಗೆಗಿನ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಜೋರಾಗಿ ಏರಿದ್ದು ಬರೀ ಕಷ್ಟದ ಕೆಲಸ ಕೊಟ್ಟಾಗಲ್ಲ. ಬೇರೆಯವರು ತನ್ನನ್ನು ಅಳೆಯುತ್ತಿದ್ದಾರೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಅನಿಸಿದಾಗ. ಸಾಲಾಗಿ ನಿಂತ ಗೆಳೆಯರ ಮುಂದೆ, ಗೇಟಿನ ಹತ್ತಿರ ಕಾಯುತ್ತಿರುವ ಅಪ್ಪನ ಮುಂದೆ ಬೈಸಿಕೊಳ್ಳುವ ಹುಡುಗನ ಸ್ಥಿತಿ ಅದೇ. ಎದುರುತ್ತರ ಕೊಡುವಂತಿಲ್ಲ, ಓಡಿಹೋಗುವಂತಿಲ್ಲ. ನನಗೆ ಇದು ತರಬೇತಿ ಅನಿಸುವುದಿಲ್ಲ.

ತಪ್ಪು ಹೇಳಲೇಬಾರದು ಎಂದಲ್ಲ. ಸಂಶೋಧಕರಾದ ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡಿನಿಸಿ 1996ರಲ್ಲಿ ತಪ್ಪು-ಒಪ್ಪು ಹೇಳಿ ನೋಡಿದ ಪ್ರಯೋಗಗಳ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ, ಕೆಲಸ ಹೇಗಾಯಿತೆಂದು ಹೇಳುವುದರಿಂದ ಸರಾಸರಿ ಲಾಭವೇ ಕಂಡಿತು. ಆದರೆ ಮೂರರಲ್ಲೊಂದಕ್ಕಿಂತ ಜಾಸ್ತಿ ಕಡೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಮಾತು ಕೆಲಸ ಬಿಟ್ಟು ಮನುಷ್ಯನ ಮೇಲೆ ತಿರುಗಿದಷ್ಟೂ ಅದರ ಉಪಯೋಗ ಕಡಿಮೆ ಎಂಬುದು ಅವರ ವಿವರಣೆ. ಪೆನಾಲ್ಟಿ ಮೇಲೆ ಹಾರಿದ್ದು ಯಾಕೆ? ಹಲವು ಸಲ, ಊರಿದ ಕಾಲು ಚೆಂಡಿಗಿಂತ ಹಿಂದೆ ಉಳಿದು ಮೈ ಹಿಂದಕ್ಕೆ ವಾಲಿರುತ್ತದೆ. "ತಮ್ಮಾ, ಎಡಗಾಲು ಚೆಂಡಿನ ಬಾಜೂಕ ಇಡು, ಎದಿ ಸ್ವಲ್ಪ ಮುಂದ ಬಗ್ಗಿಸು" ಎಂದು ಹತ್ತಿರ ಹೋಗಿ ಹೇಳಿದರೆ, ಮುಂದಿನ ಒದೆತದಲ್ಲಿ ಏನು ಬದಲಿಸಬೇಕೆಂದು ಅವನಿಗೆ ಗೊತ್ತಿರುತ್ತದೆ.