ಆಫರ್ ಲೆಟರ್‌ನ ಒಟ್ಟು ಮೊತ್ತ ನೋಡಿ ವೀಸಾ ಲೆಕ್ಕ ಹಾಕಬೇಡಿ

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾ ಕೇಳಿಕೊಂಡು ಬರುವವರೆಲ್ಲ ಒಂದೇ ಸಂಖ್ಯೆ ಹೇಳುತ್ತಾರೆ: 41,700 ಪೌಂಡ್. ಈ ವೀಸಾಕ್ಕೆ ಇರಬೇಕಾದ ಕನಿಷ್ಠ ವಾರ್ಷಿಕ ಸಂಬಳ ಅದು. 2024ರ ಏಪ್ರಿಲ್‌ವರೆಗೆ 26,200 ಇದ್ದ ಮಿತಿ ಒಂದೇ ಏಟಿಗೆ 38,700ಕ್ಕೆ ಹೋಯಿತು. 2025ರ ಜುಲೈ 22ರಂದು 41,700 ಆಯಿತು. ಆದರೆ ನಮ್ಮ ಐಟಿಯವರನ್ನು ತಡೆಯುವುದು ಹೆಚ್ಚಾಗಿ ಈ ಸಂಖ್ಯೆಯಲ್ಲ.

ಪ್ರತಿ ಕೆಲಸಕ್ಕೂ ಒಂದು ಕೋಡ್ ಇದೆ. ಆ ಕೋಡ್‌ಗೆ ಅದರದ್ದೇ 'ಗೋಯಿಂಗ್ ರೇಟ್', ಅಂದರೆ ಆ ಕೆಲಸಕ್ಕೆ ನಿಗದಿಯಾದ ವಾರ್ಷಿಕ ಸಂಬಳದ ದರ, ಇದೆ. ಸಾಮಾನ್ಯ ಮಿತಿ, ಈ ದರ ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ಸಂಬಳ ಬೇಕು. ಸಾಫ್ಟ್‌ವೇರ್ ಡೆವಲಪರ್‌ಗಳ ಕೋಡ್ 2134. ಅದಕ್ಕೆ 2025ರ ಜುಲೈ ಪಟ್ಟಿಯ ದರ 54,700 ಪೌಂಡ್.

ಬೆಂಗಳೂರಿನಿಂದ ಬರುವ ಡೆವಲಪರ್‌ಗೆ 57,000 ಪೌಂಡ್ ಆಫರ್ ಸಿಕ್ಕಿದೆ ಅಂತಿಟ್ಟುಕೊಳ್ಳಿ. ಮನೆಯಲ್ಲಿ ಸಿಹಿ ಹಂಚಿ ಆಗಿರುತ್ತದೆ. ಲೆಟರ್ ಬಿಡಿಸಿ ನೋಡಿದರೆ ಮೂಲ ಸಂಬಳ 50,000, ಬೋನಸ್ 4,000, ಉಳಿದದ್ದು ಭತ್ಯೆ. ನಮಗೆ ಸಿಟಿಸಿ, ಅಂದರೆ ಎಲ್ಲ ಸೇರಿಸಿದ ಒಟ್ಟು ಮೊತ್ತ, ನೋಡಿ ಅಭ್ಯಾಸ, ಅಲ್ವಾ? ವೀಸಾ ಕೊಡುವ ಬ್ರಿಟನ್ನಿನ ಇಲಾಖೆ ಹೋಮ್ ಆಫೀಸ್ ನೋಡುವುದು ಖಾತ್ರಿಯಾಗಿ ಸಿಗುವ ಮೂಲ ಸಂಬಳವನ್ನು ಮಾತ್ರ. ಬೋನಸ್, ಓವರ್‌ಟೈಮ್, ಭತ್ಯೆ ಯಾವುದೂ ಲೆಕ್ಕಕ್ಕಿಲ್ಲ. ಇನ್ನೊಂದು ವಿಷಯವನ್ನು ಎಚ್‌ಆರ್‌ನವರೂ ಮರೆಯುತ್ತಾರೆ. ಆ 54,700 ವಾರಕ್ಕೆ 37.5 ಗಂಟೆಯ ಕೆಲಸಕ್ಕೆ. ಕಾಂಟ್ರ್ಯಾಕ್ಟ್‌ನಲ್ಲಿ 40 ಗಂಟೆ ಎಂದಿದ್ದರೆ ಬೇಕಾಗುವ ಸಂಬಳ 58,300 ದಾಟುತ್ತದೆ.

ಅಲ್ಲೇ ಮಾಸ್ಟರ್ಸ್ ಮುಗಿಸಿದವರಿಗೆ ಅಥವಾ 26 ತುಂಬದವರಿಗೆ 'ನ್ಯೂ ಎಂಟ್ರೆಂಟ್' (ಹೊಸಬರ) ರಿಯಾಯಿತಿ ಇದೆ. ಕೋಡ್ ದರದ 70 ಶೇಕಡಾ ಸಾಕು, ಆದರೆ 33,400ಕ್ಕಿಂತ ಕಡಿಮೆ ಇರಬಾರದು. ಡೆವಲಪರ್‌ಗೆ ಅದು 38,290 ಆಗುತ್ತದೆ. ನನಗೆ ಹೆಚ್ಚು ಆತಂಕ ಈ ಹುಡುಗ ಹುಡುಗಿಯರ ಬಗ್ಗೆಯೇ. ಯಾಕೆಂದರೆ ರಿಯಾಯಿತಿ ಒಟ್ಟು ನಾಲ್ಕೇ ವರ್ಷ, ಅದರಲ್ಲಿ ಓದು ಮುಗಿದ ಮೇಲೆ ಅಲ್ಲೇ ಉಳಿಯಲು ಸಿಗುವ ಗ್ರಾಜುಯೇಟ್ ವೀಸಾದಲ್ಲಿ ಕಳೆದ ಸಮಯವೂ ಸೇರುತ್ತದೆ. ಗ್ರಾಜುಯೇಟ್ ವೀಸಾದಲ್ಲಿ ಎರಡು ವರ್ಷ ಕಳೆದವರಿಗೆ ರಿಯಾಯಿತಿ ದರದಲ್ಲಿ ಉಳಿಯುವುದು ಇನ್ನೆರಡೇ ವರ್ಷ. ಆಮೇಲೆ ವೀಸಾ ಮುಂದುವರಿಸಲು ಆ ಹೊತ್ತಿಗೆ ಜಾರಿಯಲ್ಲಿರುವ ಪೂರ್ತಿ ದರ ಬೇಕು. ಎರಡು ವರ್ಷದಲ್ಲಿ 39,000ದಿಂದ 54,700ಕ್ಕೆ ಸಂಬಳ ಏರಿಸುವ ಕಂಪನಿಗಳು ಎಷ್ಟಿವೆ? ಸಾಲ ಮಾಡಿ ಓದಿದ ಮಕ್ಕಳು ಇದನ್ನು ಕೊನೇ ತಿಂಗಳಲ್ಲಿ ತಿಳಿದುಕೊಂಡರೆ ಬೇರೆ ಕೆಲಸ ಹುಡುಕಲೂ ಸಮಯ ಇರುವುದಿಲ್ಲ.

ಹಾಗಾಗಿ ಸಹಿ ಹಾಕುವ ಮೊದಲೇ ಕೇಳಿ: ಯಾವ ಕೋಡ್, ಮೂಲ ಸಂಬಳ ಎಷ್ಟು, ವಾರಕ್ಕೆ ಎಷ್ಟು ಗಂಟೆ, ರಿಯಾಯಿತಿ ಮುಗಿದಾಗ ಸಂಬಳ ಎಷ್ಟಿರುತ್ತದೆ. ಉತ್ತರ ಇಮೇಲ್‌ನಲ್ಲೇ ಬರಲಿ. ವೀಸಾಕ್ಕಾಗಿ ಕಂಪನಿ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್‌ನ ಶುಲ್ಕ ನೀವೇ ಕಟ್ಟಿ ಎಂದರೆ ಒಪ್ಪಬೇಡಿ. ಅದನ್ನು ಸ್ಕಿಲ್ಡ್ ವರ್ಕರ್‌ಗಳಿಂದ ವಸೂಲಿ ಮಾಡುವಂತಿಲ್ಲ.