ಜಿಂಕೆ ಬೇಟೆಯ ಬಟ್ಟೆ: ವಾಸನೆ ಎಲ್ಲಿ ಹತ್ತುತ್ತದೆ, ಎಲ್ಲಿ ತಡೆಯಬೇಕು

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಈ ಟಿಪ್ಪಣಿ ಅಮೆರಿಕದ ಮಿಷಿಗನ್, ವಿಸ್ಕಾನ್ಸಿನ್ ಕಡೆ ಲೈಸೆನ್ಸ್ ಪಡೆದು ಬಿಳಿಬಾಲದ ಜಿಂಕೆಯ ಬೇಟೆ ಕಲಿಯುತ್ತಿರುವವರಿಗೆ. ಮಿಷಿಗನ್‌ನಲ್ಲಿ ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ, ಬಂದೂಕಿನದು ನವೆಂಬರ್ 15ಕ್ಕೆ ಶುರು. ಹಾಗಾಗಿ ಬಟ್ಟೆಯ ಕೆಲಸ ಸೆಪ್ಟೆಂಬರ್‌ನಲ್ಲೇ ಮುಗಿದಿರಬೇಕು.

ವಾಸನೆಯನ್ನು ಸೊನ್ನೆಗೆ ಇಳಿಸುವ ಸೋಪಾಗಲಿ ಸ್ಪ್ರೇ ಆಗಲಿ ಇಲ್ಲ. ಜಿಂಕೆಯ ಮೂಗು ಅಷ್ಟು ಚುರುಕು. ಅದು ಆಗಾಗ ಮೂಗು ನೆಕ್ಕಿಕೊಳ್ಳುವುದೂ ವಾಸನೆ ಹಿಡಿಯಲೆಂದೇ: ಒದ್ದೆ ಮೂಗಿಗೆ ವಾಸನೆಯ ಕಣಗಳು ಚೆನ್ನಾಗಿ ಅಂಟುತ್ತವೆ. ನಮ್ಮ ಕೈಲಾಗುವುದು ವಾಸನೆ ಕಡಿಮೆ ಮಾಡುವುದು, ಅದು ಜಿಂಕೆಯ ಕಡೆ ಹೋಗದಂತೆ ಕೂರುವುದು, ಇಷ್ಟೇ. ಎಡವಟ್ಟಾಗುವುದೂ ಹೆಚ್ಚಾಗಿ ಒಗೆಯುವಾಗಲ್ಲ. ಒಗೆದ ಬಟ್ಟೆ ಕಾಡು ಸೇರುವ ಮೊದಲು.

ಬಟ್ಟೆಯೊಳಗೆ ಕೂತ ಬೆವರು

ಆಗ ತಾನೇ ಬಂದ ಬೆವರಿಗೆ ವಾಸನೆ ಕಮ್ಮಿ. ಚರ್ಮದ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಪಾಲಿಯೆಸ್ಟರ್ ಎಳೆ ಎಣ್ಣೆಯಂಶವನ್ನು ಸುಲಭಕ್ಕೆ ಬಿಡುವುದಿಲ್ಲ. ಒಗೆದಾಗ ಸ್ವಚ್ಛ ಅನ್ನಿಸಿದ್ದು ಮೈಬಿಸಿ ತಾಗಿದೊಡನೆ ಮತ್ತೆ ನಾರುತ್ತದೆ. ಪರೀಕ್ಷಿಸಲು, ಒಗೆದು ಒಣಗಿಸಿದ ಬೇಸ್ ಲೇಯರ್‌ನ (ಮೈಗೆ ತಾಗಿ ತೊಡುವ ಒಳಪದರದ ಬಟ್ಟೆ) ಕಂಕುಳ ಭಾಗವನ್ನು ಬಿಸಿನೀರಿನ ಹಬೆಗೆ ಒಂದೆರಡು ನಿಮಿಷ ಹಿಡಿದು ಮೂಸಿ. ಹುಳಿ ವಾಸನೆ ಎದ್ದರೆ ಸುಗಂಧವಿಲ್ಲದ, ಪ್ರೋಟೀನಿನ ಕೊಳೆ ಒಡೆಯುವ ಎಂಜೈಮ್ ಇರುವ ಡಿಟರ್ಜೆಂಟ್‌ನಲ್ಲಿ ಒಂದು ಗಂಟೆ ನೆನೆಸಿ ಮತ್ತೆ ಒಗೆಯಿರಿ. ಮೆರಿನೋ ಉಣ್ಣೆಗೆ ಮಾತ್ರ ಇದು ಬೇಡ. ಉಣ್ಣೆಯೂ ಪ್ರೋಟೀನೇ, ಆ ಎಂಜೈಮ್ ಅದನ್ನೂ ತಿನ್ನುತ್ತದೆ. ಉಣ್ಣೆಗೆ ಅದರದ್ದೇ ಸೋಪು, ತಣ್ಣೀರು, ಕಡಿಮೆ ತಿರುವು.

ಮಷೀನ್ ಒಳಗೇ ಇರುವ ಸುವಾಸನೆ

ಮನೆಮಂದಿಯ ಬಟ್ಟೆ ಒಗೆಯುವ ಮಷೀನ್‌ನಲ್ಲಿ ಹಿಂದಿನ ಸೋಪು, ಫ್ಯಾಬ್ರಿಕ್ ಸಾಫ್ಟ್‌ನರ್ ಉಳಿದೇ ಇರುತ್ತದೆ. ಸೋಪಿನ ಡ್ರಾಯರ್ ಹೊರಗೆಳೆದು ತೊಳೆಯಿರಿ, ಒಮ್ಮೆ ಬಿಸಿನೀರಲ್ಲಿ ಖಾಲಿ ಓಡಿಸಿ. ಆಮೇಲೆ ಡ್ರಮ್ ಅರ್ಧ ತುಂಬುವಷ್ಟೇ ಬಟ್ಟೆ, ಲೇಬಲ್ ಹೇಳಿದ್ದಕ್ಕಿಂತ ಸ್ವಲ್ಪ ಕಮ್ಮಿ ಸೋಪು, ಅರ್ಧ ಕಪ್ ಅಡುಗೆ ಸೋಡಾ, ಒಂದು ಜಾಲಾಟ ಹೆಚ್ಚು. ಸೋಪು ಜಾಸ್ತಿ ಹಾಕಿದರೆ ಪೂರ್ತಿ ಜಾಲಿಹೋಗದೆ ಎಳೆಯಲ್ಲೇ ಉಳಿದು ಕೊಳೆ ಹಿಡಿಯುತ್ತದೆ.

ಸೋಪು ಕೊಳ್ಳುವಾಗ ‘ಸುಗಂಧವಿಲ್ಲ’ ಎಂಬುದು ಸಾಲದು, ಬಟ್ಟೆಗೆ ಹೊಳಪು ಕೊಡುವ ಬ್ರೈಟ್‌ನರ್ ಕೂಡ ಇರಬಾರದು. ಜಿಂಕೆಗೆ ಕಿತ್ತಳೆ ಬಣ್ಣ ಎದ್ದು ಕಾಣುವುದಿಲ್ಲ, ಆದರೆ ನೀಲಿ ಬೆಳಕಿಗೆ ಅದರ ಕಣ್ಣು ಚುರುಕು. ಬ್ರೈಟ್‌ನರ್ ಹೊಮ್ಮಿಸುವುದು ಅದೇ ನೀಲಿಯನ್ನು. ವಿಸ್ಕಾನ್ಸಿನ್‌ನ ಬಂದೂಕು ಸೀಸನ್‌ನಲ್ಲಿ ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಕನಿಷ್ಠ 50% ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಇರಲೇಬೇಕು, ವಾಸನೆಯ ನೆಪ ಹೇಳಿ ಅದನ್ನು ಬಿಡುವಂತಿಲ್ಲ.

ಬಟ್ಟೆ ಒಣಗಿಸುವ ಡ್ರೈಯರ್ ಯಂತ್ರಕ್ಕೆ ಹಾಕುವ ಸುಗಂಧದ ಹಾಳೆ (ಡ್ರೈಯರ್ ಶೀಟ್) ಬಳಸಿದ ಡ್ರಮ್ಮಿಗೆ ಮೇಣದಂಥ ಪರೆ ಹತ್ತಿರುತ್ತದೆ. ಹಗ್ಗದ ಮೇಲೆ ಒಣಗಿಸುವುದೇ ಲೇಸು, ಆದರೆ ಮಾಂಸ ಸುಡುವ ಗ್ರಿಲ್, ಹೊಗೆಕೊಳವೆ, ಪಕ್ಕದ ಮನೆಯ ಡ್ರೈಯರ್ ಗಾಳಿ ಬಿಡುವ ಕಿಂಡಿ, ಇವುಗಳಿಂದ ದೂರ.

ಒಗ್ಗರಣೆ ಮತ್ತು ಡಬ್ಬ

ನಮ್ಮವರ ಮನೆಗಳಿಗೆ ಇದನ್ನು ಬೇರೆಯಾಗಿ ಹೇಳಬೇಕು. ಚಳಿಗೆ ಕಿಟಕಿ ಮುಚ್ಚಿದ ಮನೆಯಲ್ಲಿ ಇಂಗು, ಬೆಳ್ಳುಳ್ಳಿ ಒಗ್ಗರಣೆ ಒಂದು ಸಲ ಸಿಡಿದರೆ ಸಾಕು, ಹೀಟರಿನ ಗಾಳಿ ಅದನ್ನು ಬಟ್ಟೆ ಬೀರುವಿನ ತನಕ ಒಯ್ಯುತ್ತದೆ. ಇಂಗಿನ ಗಂಧಕದ ಅಂಶ ಹಠಮಾರಿ. ಊದಿನಕಡ್ಡಿಯೂ ಅಷ್ಟೇ. ಆದ್ದರಿಂದ ಬಟ್ಟೆ ಒಣಗಿದ ಕೂಡಲೇ, ಒಳಗೆ ತೂಗುಹಾಕದೆ, ರಬ್ಬರ್ ಪಟ್ಟಿಯ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಸೇರಬೇಕು. ಹೊಸ ಡಬ್ಬಕ್ಕೆ ಅದರದ್ದೇ ವಾಸನೆ. ಸೋಡಾ ನೀರಲ್ಲಿ ತೊಳೆದು ಮೂರ್ನಾಲ್ಕು ದಿನ ಬಿಸಿಲಿಗಿಡಿ. ಬೇಟೆಯಾಡುವ ಕಾಡಿನದೇ ಓಕ್ ಎಲೆಗಳನ್ನು ಬಲೆಚೀಲದಲ್ಲಿ ಹಾಕಿಡುವ ರೂಢಿ ಇದೆ. ಹಾಕುವುದಾದರೆ ಗರಿಗರಿ ಒಣಗಿಸಿಯೇ: ತೇವವಿದ್ದರೆ ಬೂಷ್ಟು, ಜೊತೆಗೆ ರಕ್ತ ಹೀರುವ ಉಣ್ಣಿಯೂ (ಟಿಕ್) ಬಂದೀತು.

ಉಣ್ಣಿಯಿಂದ ಲೈಮ್ ಕಾಯಿಲೆ ಬರುತ್ತದೆ, ಅದನ್ನು ತಡೆಯಲು ಪರ್ಮೆಥ್ರಿನ್ ಎಂಬ ಕೀಟನಾಶಕದ 0.5% ಸ್ಪ್ರೇ. ಮೈಗಲ್ಲ, ಬಟ್ಟೆಗೆ ಮಾತ್ರ. ಅದೂ ಹೊರಗೆ, ಒಗೆದ ಮೇಲೆ. ಪೂರ್ತಿ ಒಣಗಿದರೆ ವಾಸನೆ ಉಳಿಯುವುದಿಲ್ಲ. ಹಸಿ ಇರುವಾಗ ಬೆಕ್ಕಿಗೆ ವಿಷ.

ಹೋಗುವ ದಿನ

ಬೇಟೆಯ ಬಟ್ಟೆ, ಬೂಟು ಹಾಕಿಕೊಂಡು ಕಾರು ಓಡಿಸಬೇಡಿ, ಪೆಟ್ರೋಲ್ ತುಂಬಿಸುವಾಗಲಂತೂ ಬೇಡ. ಬದಲಾಯಿಸುವುದು ಕಾಡಿನಂಚಿನಲ್ಲಿ. ಅಟ್ಟಣೆಯ ತನಕ ಬೇಸ್ ಲೇಯರ್‌ನಲ್ಲೇ (ಬಂದೂಕು ಸೀಸನ್‌ನಲ್ಲಾದರೆ ಅದರ ಮೇಲೆ ಹೊಳೆಯುವ ಬಣ್ಣದ ತೆಳು ಹೊರಬಟ್ಟೆ ತೊಟ್ಟೇ) ನಿಧಾನ ನಡೆಯಿರಿ, ದಪ್ಪ ಜಾಕೆಟ್ ಬೆನ್ನಚೀಲಕ್ಕೆ ಕಟ್ಟಿರಲಿ. ತಲುಪಿ ಹತ್ತು ನಿಮಿಷ ಮೈ ಆರಿದ ಮೇಲೆ ತೊಡಿ. ಮೊದಲೇ ತೊಟ್ಟು ಬೆವರಿದರೆ ವಾರದ ಒಗೆತ ಅರ್ಧ ಗಂಟೆಯಲ್ಲಿ ವ್ಯರ್ಥ, ಮೇಲಾಗಿ ಒದ್ದೆ ಬಟ್ಟೆಯ ಚಳಿ. ರಬ್ಬರ್ ಬೂಟೊಳಗೆ ಪ್ಯಾಂಟಿನ ತುದಿ ಸೇರಿಸಿದರೆ ದಾರಿಯ ಹುಲ್ಲಿಗೆ ವಾಸನೆ ಸವರುವುದು ತಪ್ಪುತ್ತದೆ.

ಇದ್ದಿಲಿನ ಪದರವಿರುವ ದುಬಾರಿ ಬಟ್ಟೆ ಸ್ವಲ್ಪ ಹೀರುತ್ತದೆ, ನಿಜ. ಡ್ರೈಯರ್‌ನಲ್ಲಿ ಹಾಕಿದರೆ ಹೊಸದರಂತಾಗುತ್ತದೆ ಎಂಬುದನ್ನು ಮಾತ್ರ ನಂಬಬೇಡಿ: ತುಂಬಿದ ಇದ್ದಿಲು ಪೂರ್ತಿ ಖಾಲಿಯಾಗಲು ನೂರಾರು ಡಿಗ್ರಿ ಶಾಖ ಬೇಕು. ಓಜೋನ್ ಯಂತ್ರ ವಾಸನೆ ಕೊಲ್ಲುತ್ತದೆ, ಜೊತೆಗೆ ಇಲಾಸ್ಟಿಕ್ಕನ್ನೂ ಬೂಟಿನ ರಬ್ಬರನ್ನೂ ಬಿರಿಯಿಸುತ್ತದೆ. ಜನ ಇರುವ ಕೋಣೆಯಲ್ಲಿ ಹಚ್ಚಲೇಬಾರದು, ಶ್ವಾಸಕೋಶಕ್ಕೆ ಕೆಟ್ಟದ್ದು.

ಇಷ್ಟೆಲ್ಲ ಆದಮೇಲೂ ಗಾಳಿಯದೇ ಕೊನೇ ಮಾತು. ಮಿಲ್ಕ್‌ವೀಡ್ ಎಂಬ ಗಿಡ ನಮ್ಮ ಎಕ್ಕದ ಸಂಬಂಧಿ, ಅದರ ಕಾಯಲ್ಲೂ ಅಂಥದೇ ರೇಷ್ಮೆ ಕೂದಲಿನ ಬೀಜ. ಅಟ್ಟಣೆಯಿಂದ ಒಂದನ್ನು ತೇಲಿಬಿಟ್ಟು ಕಣ್ಣು ಹಾಯುವ ತನಕ ನೋಡಿ. ಬಿಸಿಲೇರಿದ ಬೆಳಿಗ್ಗೆ ಅದು ಇಳಿಜಾರಿನಲ್ಲಿ ಮೇಲೇರುತ್ತದೆ, ಸಂಜೆ ನೆಲ ತಣ್ಣಗಾದಂತೆ ತಗ್ಗಿಗೆ ಹರಿಯುತ್ತದೆ. ಬೀಜ ಜಿಂಕೆ ಬರುವ ದಾರಿಯತ್ತ ತೇಲಿದರೆ ಅವತ್ತು ಬೇರೆ ಅಟ್ಟಣೆ ಹುಡುಕಿ.

ಬೇಟೆ ಸಿಕ್ಕರೆ ರಕ್ತ ತಾಗಿದ ಬಟ್ಟೆಗೆ ಬೇರೆ ಚೀಲ. ಮೊದಲು ತಣ್ಣೀರು, ಬಿಸಿನೀರು ಬಿದ್ದರೆ ಕಲೆಯೂ ವಾಸನೆಯೂ ಎಳೆಗೆ ಕಚ್ಚಿಕೊಳ್ಳುತ್ತದೆ.